ಕೊಯಮತ್ತೂರು ಸೀಮೆ: ಹಳೆಯ ಛಾಯಾಚಿತ್ರಗಳಲ್ಲಿ

ತಮಿಳುನಾಡಿನ ಕೊಯಮತ್ತೂರು ಮತ್ತು 2009ರಲ್ಲಿ ರಚನೆಯಾದ ತಿರುಪ್ಪೂರು ಜಿಲ್ಲೆಗಳ ಸ್ಥಳೀಯ ಚರಿತ್ರೆಗೆ ಹಳೆಯ ಛಾಯಾಚಿತ್ರಗಳು ಅಮೂಲ್ಯ ಆಕರ. ದಕ್ಷಿಣದ ದೇಗುಲಗಳನ್ನು ಮದ್ರಾಸ್ ಸರ್ಕಾರಕ್ಕಾಗಿ ದಾಖಲಿಸಿದ ಎಡ್ಮಂಡ್ ಡೇವಿಡ್ ಲಯನ್, 1868ರ ಸುಮಾರಿಗೆ ಪೇರೂರಿನ ಪಟ್ಟೀಶ್ವರ ಗುಡಿಯ ಕಂಬಗಳನ್ನು ಸೆರೆಹಿಡಿದ. ಕಂಬಗಳಲ್ಲಿ ಕಡೆದ ಶಿಲ್ಪಗಳು ಅಂದು ಹೇಗಿದ್ದವು ಎಂಬುದಕ್ಕೆ ಬರವಣಿಗೆಯ ವರ್ಣನೆಗಿಂತ ಈ ಚಿತ್ರಗಳೇ ಹೆಚ್ಚು ನಂಬಲರ್ಹ. ಈ ಚಿತ್ರಗಳನ್ನು ತೆಗೆದ ಬಳಿಕ, 1888ರಲ್ಲಿ ನೂಲಿನ ಗಿರಣಿ ಬಂದು ಕೊಯಮತ್ತೂರು ಊರಿನ ಚಹರೆ ಬದಲಾಯಿತು. ರೈಲ್ವೆ ನೌಕರರಾಗಿದ್ದ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಸಂಚಾರಿ ಚಿತ್ರಪ್ರದರ್ಶನ ಆರಂಭಿಸಿ, ಮುಂದೆ ಇಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರ ಕಟ್ಟಿಸಿದರು.

ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಅದರ ಹಳೆಯ ಚಿತ್ರಗಳನ್ನು ಆ ಜಿಲ್ಲೆಯ ಹೆಸರಿನಲ್ಲೂ ಹುಡುಕಬೇಕು. ಈ ಸೀಮೆಯ ಕನ್ನಡ ಮಾತಿನ ದೇವಾಂಗ, ಒಕ್ಕಲಿಗ ಮನೆಗಳವರು ತಮ್ಮ ಹಳೆಯ ಪಟಗಳ ಹಿಂದೆ ಹೆಸರು, ಊರು, ಇಸವಿ ಬರೆದಿಡಬೇಕು.