ಮೆಡಲಿನ ಅಂಚಿನಲ್ಲಿದ್ದ ಹೆಸರು

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಆಗಸ್ಟ್ ಹದಿನೈದರ ಬೆಳಿಗ್ಗೆ ನಮ್ಮ ಕಡೆಯ ಒಂದು ಶಾಲೆಯವರು ಬಾವುಟ ಹಾರಿಸುವ ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು. ನಾನು ಸೇನೆಯ ಮದ್ರಾಸ್ ಸ್ಯಾಪರ್ಸಿನಲ್ಲಿ ಹದಿನೇಳು ವರ್ಷ ಇದ್ದು, 1996ರಲ್ಲಿ ಹವಾಲ್ದಾರನಾಗಿ ಪೆನ್ಶನ್ ಬಂದವನು. ನಮ್ಮೂರು ದರೋಜಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಹುಡುಗರಿಗೆಲ್ಲ ನಾನು ಮಿಲ್ಟ್ರಿ ಮಾವ.

ಆ ದಿನ ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರು. ಬೇರೆ ಊರಿನವರು, ಹೆಚ್ಚುಕಡಿಮೆ ನನ್ನ ವಯಸ್ಸು. ಇಸ್ತ್ರಿ ಮಾಡಿದ ಕೋಟು, ಎದೆಯ ಮೇಲೆ ಐದು ಮೆಡಲು. ಮೈಕು ಹಿಡಿದು, 71ರ ಯುದ್ಧದಲ್ಲಿ ತಾವು ಶತ್ರುವಿನ ಬಂಕರಿಗೆ ನುಗ್ಗಿದ್ದನ್ನು ಅರ್ಧ ಗಂಟೆ ಹೇಳಿದರು. ಮಕ್ಕಳು ಬಾಯಿ ತೆರೆದು ಕೇಳಿದವು, ಚಪ್ಪಾಳೆ ಹೊಡೆದವು. ನನಗೆ ಮಾತ್ರ ಲೆಕ್ಕ ಕೂಡಲಿಲ್ಲ. 1971ರ ಡಿಸೆಂಬರಿನಲ್ಲಿ ನಾನು ಐದನೇ ಕ್ಲಾಸಿನ ಹುಡುಗ. ಯುದ್ಧದ ಸುದ್ದಿ ಕೇಳಲು ದೊಡ್ಡವರೆಲ್ಲ ಒಂದು ರೇಡಿಯೊ ಸುತ್ತ ಕೂತದ್ದು ನೆನಪಿದೆ. ನನ್ನ ಓರಗೆಯ ಈ ಮನುಷ್ಯ ಆಗ ಬಂಕರಿಗೆ ನುಗ್ಗಿದ್ದು ಹೇಗೆ?

ಕಾರ್ಯಕ್ರಮ ಮುಗಿದು ಉಪ್ಪಿಟ್ಟು ಕೊಡುವಾಗ ಪಕ್ಕಕ್ಕೆ ಕರೆದು, ‘ಅಣ್ಣಾ, ನಿಮ್ಮ ಸೆಂಟರ್ ಯಾವುದ್ರಿ?’ ಅಂದೆ. ‘ಎಲ್ಲಾ ಕಡೆ ಮಾಡೀನ್ರಿ’ ಅಂದರು. ‘ನಂಬರ್?’ ಎಂದು ಕೇಳಿದೆ. ಫೌಜಿನಲ್ಲಿ ಇದ್ದು ಬಂದವನನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಅವನು ತನ್ನ ನಂಬರ್ ಹೇಳುತ್ತಾನೆ. ಅವರು ನೆಲ ನೋಡಿದರು. ಕೈ ಚಾಚಿ ಅವರ ಎದೆಯ ಮೇಲಿದ್ದ ಸಂಗ್ರಾಮ್ ಮೆಡಲನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಅಂಚು ತಿರುಗಿಸಿದೆ. ಮೆಡಲಿನ ಮುಖದ ಮೇಲೆ ಸಿಂಹದ ಲಾಂಛನ ಎಲ್ಲರಿಗೂ ಕಾಣುತ್ತದೆ. ನಾಣ್ಯದ ದಪ್ಪದಷ್ಟೇ ಇರುವ ಅದರ ಅಂಚಿನ ಮೇಲೆ ಸಣ್ಣ ಅಕ್ಷರದಲ್ಲಿ ನಂಬರ್, ರ‍್ಯಾಂಕು, ಹೆಸರು, ದಳ ಕೊರೆದಿರುವುದು ಪಡೆದವನಿಗೆ ಮತ್ತು ಅವನ ಮನೆಯವರಿಗೆ ಮಾತ್ರ ಗೊತ್ತು. ಅಲ್ಲಿ ಇದ್ದದ್ದು ಉತ್ತರದ ಕಡೆಯ ಒಬ್ಬ ಸಿಪಾಯಿಯ ಹೆಸರು.

‘ಇದು ನಿಮ್ಮದಲ್ಲ’ ಎಂದೆ. ಅವರು ತಕರಾರು ಮಾಡಲಿಲ್ಲ. ಬೆಂಗಳೂರಿನ ಒಂದು ಸಂತೆಯಲ್ಲಿ ಕೊಂಡದ್ದು ಎಂದರು. ಅದನ್ನು ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟು ಹೋದರು. ಪೊಲೀಸರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಮಕ್ಕಳ ಮುಂದೆ ರಂಪ ಬೇಡ ಅನಿಸಿತು. ಹಾಗೆ ಬಿಟ್ಟದ್ದು ತಪ್ಪು ಎಂದೇ ಈಗ ತಿಳಿದಿದ್ದೇನೆ.

ವೇಷ ಎನ್ನುವುದು ನಮ್ಮೂರಿಗೆ ಹೊಸದಲ್ಲ. ದರೋಜಿ ಎಂದರೆ ಹೊರಗಿನವರಿಗೆ 1994ರಲ್ಲಿ ಆದ ಕರಡಿಧಾಮ ನೆನಪಾಗುತ್ತದೆ. ನಮಗೆ ಅದಕ್ಕಿಂತ ಮೊದಲು ನೆನಪಾಗುವುದು ಬುರ್ರಕಥೆಯ ಈರಮ್ಮ, ಬುಡ್ಗ ಜಂಗಮರ ಮನೆತನದವರು. ಓದು ಬರಹ ಇಲ್ಲದೆ ಹನ್ನೆರಡು ಕಾವ್ಯಗಳನ್ನು ಕಂಠದಲ್ಲಿ ಇಟ್ಟುಕೊಂಡಿದ್ದ ತಾಯಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. 2014ರ ಆಗಸ್ಟಿನಲ್ಲಿ ತೀರಿಹೋದರು. ಅವರ ಸಮುದಾಯದವರು ಹಗಲುವೇಷವನ್ನೂ ಕಟ್ಟುತ್ತಾರೆ. ನಾನು ಸಣ್ಣವನಿದ್ದಾಗ ಅವರು ಒಂದು ದಿನ ರಾಮ ಲಕ್ಷ್ಮಣರಾಗಿ, ಇನ್ನೊಂದು ದಿನ ಭೀಮ ದುರ್ಯೋಧನರಾಗಿ, ಮತ್ತೊಂದು ದಿನ ಜಮಾದಾರನಾಗಿ ಓಣಿಯಲ್ಲಿ ಬರುತ್ತಿದ್ದರು. ಕೊನೆಯ ದಿನ ಬಣ್ಣ ತೊಳೆದ ಮುಖದಲ್ಲಿ ಮನೆಮನೆಗೆ ಬಂದು ಕಾಳುಕಡಿ ಕೇಳುತ್ತಿದ್ದರು. ಅವ್ವ ಮೊರದ ತುಂಬ ಜೋಳ ಸುರಿಯುತ್ತಿದ್ದಳು. ಭೀಮನಿಗೆಂದು ಆಕೆ ಕೊಡುತ್ತಿರಲಿಲ್ಲ, ಭೀಮನಾಗಿ ಕುಣಿದವನಿಗೆ ಕೊಡುತ್ತಿದ್ದಳು. ಹೆಸರಿನಲ್ಲೇ ಹಗಲು ಇಟ್ಟುಕೊಂಡ ಈ ಕಲೆಯನ್ನು ಮೋಸಗಾರನಿಗೆ ಬೈಗುಳವಾಗಿ ಬಳಸುವುದನ್ನು ಕೇಳಿದರೆ ನನಗೆ ಬಹಳ ನೋವಾಗುತ್ತದೆ.

ಈರಮ್ಮ ಹಾಡುತ್ತಿದ್ದ ಕಾವ್ಯಗಳಲ್ಲಿ ಕುಮಾರರಾಮನದು ನಮ್ಮ ನೆಲದ್ದೇ ಕಥೆ. ಕಂಪಿಲರಾಯನ ಮಗ, ಕುಮ್ಮಟದುರ್ಗದ ವೀರ. ಮಲತಾಯಿ ರತ್ನಾಜಿಯ ಚಾಡಿ ಕೇಳಿ ತಂದೆ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು, ಅವನನ್ನೇ ಹೋಲುವ ಚೆನ್ನಿಗರಾಮನ ತಲೆಯನ್ನು ತೋರಿಸುತ್ತಾನೆ. ಕಡೆಗೆ ದೆಹಲಿಯ ತುಘಲಕನ ದಂಡು ಬಂದಾಗ ನಿಜವಾದ ರಾಮ ಹೊರಬಂದು ಕಾದಿ ಸಾಯುತ್ತಾನೆ. ಕಂಪಿಲಿಯ ರಾಜ್ಯ ಅಳಿದದ್ದು 1327ರ ಸುಮಾರಿಗೆ. ಈ ಕಥೆಯಲ್ಲಿಯೂ ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ನಿಲ್ಲುತ್ತಾನೆ. ಆದರೆ ಹಾಗೆ ನಿಂತ ಚೆನ್ನಿಗರಾಮ ಕೊಟ್ಟದ್ದು ತನ್ನ ತಲೆಯನ್ನು. ಕೊಡಗಿನ ಪುಟ್ಟಬಸಪ್ಪನೂ ಹಾಗೆಯೇ. ಹಾಲೇರಿ ಅರಸುಮನೆಯ ಕಲ್ಯಾಣಸ್ವಾಮಿ ತಾನೇ ಎಂದು ಹೇಳಿಕೊಂಡು 1837ರಲ್ಲಿ ಕಂಪನಿಯವರ ವಿರುದ್ಧ ದಂಡು ಕಟ್ಟಿ ಮಂಗಳೂರಿನವರೆಗೆ ನಡೆದ ರೈತ ಅವನು. ಹೆಸರು ಅವನದಲ್ಲ, ಗಲ್ಲಿಗೆ ಕೊಟ್ಟ ಕೊರಳು ಅವನದೇ. ಸಂತೆಯಲ್ಲಿ ಮೆಡಲು ಕೊಂಡವನನ್ನು ಇವರ ಸಾಲಿಗೆ ನಾನು ಸೇರಿಸಲಾರೆ.

ಶೌರ್ಯಕ್ಕೆ ಗುರುತು ಕೊಡುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ವೀರಗಲ್ಲನ್ನು ಸುಮ್ಮನೆ ನೋಡಿ ಮುಂದೆ ಹೋಗಬೇಡಿ, ಕೂತು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. ಬರಹವಿದ್ದರೆ ಯಾರ ಆಳ್ವಿಕೆ, ಯಾವ ಕಾಳಗ, ಯಾರು ಸತ್ತ, ಅವನ ಮನೆಯವರಿಗೆ ಏನು ಕೊಟ್ಟರು ಎಂದು ಇರುತ್ತದೆ. ಸತ್ತವನ ಮಕ್ಕಳಿಗೆ ಬಿಟ್ಟ ಭೂಮಿಗೆ ನೆತ್ತರುಕೊಡಗೆ ಎಂದು ಹೆಸರು. ವೀರಗಲ್ಲನ್ನು ವೀರ ತಾನೇ ನಿಲ್ಲಿಸಿಕೊಳ್ಳಲಾರ. ಕಂಡವರು, ಜೊತೆಗಿದ್ದವರು, ಊರಿನವರು ನಿಲ್ಲಿಸಬೇಕು.

ಬದುಕಿ ಬಂದವರಿಗೂ ಮನ್ನಣೆ ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮಿನಲ್ಲಿದೆ. ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಕಾಳಗದಲ್ಲಿ ಗಂಗರ ಬೂತುಗನ ಕಡೆ ಮಣಲೆರ ಎಂಬವನು ಚೆನ್ನಾಗಿ ಕಾದಿದ. ಏನು ಬೇಕು ಎಂದು ಕೇಳಿದರೆ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಒಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೂ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಮಣಲೆರನಿಗೆ ಕತ್ತಿ ತೊಳೆದು ಕೊಟ್ಟ ದಾನವನ್ನು ಬಾಳ್ಗಚ್ಚು ಎಂದು ಕರೆದಿದ್ದಾರೆ. ನಾಯಿಯ ಪಾಲಿನ ಶೌರ್ಯ ನಾಯಿಯ ಹೆಸರಿನಲ್ಲೇ ಉಳಿಯಿತು, ಯಜಮಾನ ಅದನ್ನು ತನ್ನ ಖಾತೆಗೆ ಹಾಕಿಕೊಳ್ಳಲಿಲ್ಲ. ಸಾವಿರ ವರ್ಷ ದಾಟಿದ ಆ ಲೆಕ್ಕ ಇವತ್ತಿಗೂ ಓದಲು ಸಿಗುತ್ತದೆ.

ಭೂಮಿ ಬಂದ ಕಡೆ ಸುಳ್ಳೂ ಬರುತ್ತದೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಥಾಮಸ್ ಮನ್ರೋ ಇಲ್ಲಿಗೆ ಕಲೆಕ್ಟರಾಗಿ ಬಂದ. ದತ್ತ ಮಂಡಲವೆಂದು ಕರೆದ ಈ ಸೀಮೆಯಲ್ಲಿ ಸುಮಾರು 80 ಪಾಳೇಗಾರರು, ಅವರ ಕೈಕೆಳಗೆ ಕಟ್ಟುಬಡಿ ಆಳುಗಳು. ದಂಡಿನ ಚಾಕರಿಗಾಗಿ ಕಡಿಮೆ ಕಂದಾಯಕ್ಕೆ ಹೊಲ ಉಣ್ಣುತ್ತಿದ್ದವರು ಈ ಕಟ್ಟುಬಡಿಯವರು. ದಂಡೇ ಇಲ್ಲವಾದ ಮೇಲೆ ಯಾರು ನಿಜವಾಗಿ ಚಾಕರಿ ಮಾಡಿದವರು, ಯಾರ ಸನದು ನಿಜ, ಯಾರದು ಕೊಡುವ ಅಧಿಕಾರವಿಲ್ಲದವನು ಬರೆದುಕೊಟ್ಟ ಕಾಗದ ಎಂದು ತೀರ್ಮಾನಿಸುವುದೇ ದೊಡ್ಡ ಕೆಲಸವಾಯಿತು. ಇಂಥ ಹಕ್ಕುಗಳನ್ನು ಪರೀಕ್ಷಿಸಲು 1858ರಲ್ಲಿ ಮದ್ರಾಸ್ ಸರ್ಕಾರ ಇನಾಂ ಕಮಿಷನ್ ನೇಮಿಸಿತು. ಐವತ್ತು ವರ್ಷ ಅಡ್ಡಿ ಇಲ್ಲದೆ ಅನುಭವಿಸಿಕೊಂಡು ಬಂದವರ ಹಕ್ಕನ್ನು ಒಪ್ಪಿಕೊಂಡರು. ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದವರು ಸತ್ತು ಹೋಗಿದ್ದರು, ಹೀಗಾಗಿ ನಿಜದ ಜೊತೆ ಸುಳ್ಳೂ ದಡ ಸೇರಿತು.

ಇದೇ ತೊಂದರೆ ನಮ್ಮ ಕಾಲದಲ್ಲಿ ಇನ್ನೊಂದು ರೂಪದಲ್ಲಿ ಬಂತು. ತುಂಗಭದ್ರೆಯ ಈ ದಡದ ಕಂಪ್ಲಿ ಮದ್ರಾಸಿಗೆ, ಆ ದಡದ ಗಂಗಾವತಿ ನಿಜಾಮನಿಗೆ ಸೇರಿದ್ದ ದಿನಗಳು ಅವು. 1947-48ರಲ್ಲಿ ರಜಾಕಾರರ ಹಾವಳಿ ತಾಳದೆ ಜನ ಗಡಿ ದಾಟಿ ಬಂದರು. ಗಡಿಯುದ್ದಕ್ಕೂ ಶಿಬಿರಗಳು ಎದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠಿ ಮುಂದೆ ನಿಂತರು. 1948ರ ಸೆಪ್ಟೆಂಬರ್ 13ರಿಂದ ಐದು ದಿನದ ಪೊಲೀಸ್ ಕಾರ್ಯಾಚರಣೆಯಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. ಸ್ವಾತಂತ್ರ್ಯದ ಬೆಳ್ಳಿಹಬ್ಬದಂದು, 1972ರಲ್ಲಿ, ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪೆನ್ಶನ್ ಆರಂಭಿಸಿತು. 1980ರಲ್ಲಿ ಅದಕ್ಕೆ ಸ್ವತಂತ್ರತಾ ಸೈನಿಕ ಸಮ್ಮಾನ್ ಎಂಬ ಹೆಸರಾಯಿತು. 1985ರಲ್ಲಿ ಈ ಗಡಿ ಶಿಬಿರಗಳಲ್ಲಿದ್ದವರೂ ಅರ್ಹರೆಂದು ಒಪ್ಪಿದರು. ಜೈಲಿಗೆ ಹೋದವನಿಗೆ ಜೈಲಿನ ದಾಖಲೆ ಇತ್ತು. ರಾತ್ರಿ ಹೊಳೆ ದಾಟಿ ನಾಕಾ ಸುಟ್ಟು ಬಂದವನಿಗೆ ಯಾವ ದಾಖಲೆ? ಜೊತೆಯವನೊಬ್ಬ ‘ಇವನು ನಮ್ಮ ಶಿಬಿರದಲ್ಲಿ ಇದ್ದ’ ಎಂದು ಬರೆದುಕೊಟ್ಟರೆ ನಂಬಬೇಕು. ಆ ನಂಬಿಕೆಯನ್ನು ಕೆಲವರು ವ್ಯಾಪಾರ ಮಾಡಿಕೊಂಡರು. ಹಳೇ ಹೈದರಾಬಾದ್ ಸಂಸ್ಥಾನದ್ದೇ ಆಗಿದ್ದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ನೂರಾರು ನಕಲಿ ಹೋರಾಟಗಾರರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2005ರಲ್ಲಿ ಕೋರ್ಟು, ನಿಜವಾದ ಹೋರಾಟಗಾರರನ್ನು ಗೌರವದಿಂದ ಕಾಣಬೇಕು, ನಕಲಿಗಳನ್ನು ಬಯಲಿಗೆಳೆಯಬೇಕು ಎಂದಿತು. ನಕಲಿಗಳ ಈ ಹಾವಳಿಯ ಬಿಸಿ ತಟ್ಟಿದ್ದು ನಿಜವಾದವರಿಗೆ. ನನಗೆ ಗೊತ್ತಿದ್ದ ಒಬ್ಬ ಅಜ್ಜ ಗಡಿ ಶಿಬಿರದಲ್ಲಿ ರೊಟ್ಟಿ ಹೊತ್ತವರು, ಬಂದೂಕನ್ನೂ ಹೊತ್ತವರು. ‘ಆ ಸಾಲಿನಾಗ ನಿಂತರ ನನ್ನೂ ಕಳ್ಳ ಅಂತಾರಪ್ಪ’ ಎಂದು ಅರ್ಜಿಯನ್ನೇ ಹಾಕಲಿಲ್ಲ.

ನಿಜವಾದ ಪದಕ ಎಷ್ಟು ನಿಧಾನವಾಗಿ, ಎಷ್ಟು ಪರೀಕ್ಷೆ ದಾಟಿ ಬರುತ್ತದೆ ಎಂದು ತಿಳಿಯಲು ವಾಯುಪಡೆಯ ಪೈಲಟ್, ಕೊಡಗಿನ ಅಜ್ಜಮಾಡ ದೇವಯ್ಯನವರ ಸಂಗತಿಯೊಂದು ಸಾಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೋದ ಅವರು ಮರಳಲಿಲ್ಲ. ಕಾಣೆಯಾದವರು ಎಂದಷ್ಟೇ ಬರೆದರು. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಅವರು ಹೊಡೆದುರುಳಿಸಿದ್ದು, ಎದುರಾಳಿಯ ಕಡೆಯ ವಿವರಗಳ ಮೇಲೆ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಬರೆದ ಪುಸ್ತಕದಿಂದ ಹೊರಬಂತು. 1988ರಲ್ಲಿ ಮಹಾವೀರ ಚಕ್ರ ಬಂತು, ಸತ್ತು 23 ವರ್ಷದ ಮೇಲೆ. ಪರಮವೀರ ಚಕ್ರ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಬಂದದ್ದು ಮರಣದ ನಂತರ. ನಮ್ಮ ವೀರಗಲ್ಲಿನ ರೂಢಿ ಇನ್ನೂ ಮುಂದುವರಿದಂತೆ ನನಗೆ ತೋರುತ್ತದೆ.

ಕಾನೂನು ಇದೆ. ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕನ ಉಡುಪನ್ನೋ ಗುರುತನ್ನೋ ಧರಿಸುವುದು ಅಪರಾಧವೆಂದು 1860ರ ದಂಡಸಂಹಿತೆಯ 140ನೇ ಕಲಮು ಹೇಳುತ್ತಿತ್ತು. ಮೂರು ತಿಂಗಳವರೆಗೆ ಸಜೆ, ಇಲ್ಲವೆ 500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮು, ದಂಡ 2000 ರೂಪಾಯಿಗೆ ಏರಿದೆ. ಅಮೆರಿಕದಲ್ಲಿ ಸುಳ್ಳು ಪದಕ ಹೇಳಿಕೊಳ್ಳುವುದನ್ನೇ ಅಪರಾಧ ಮಾಡಿದ್ದ 2005ರ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 2012ರಲ್ಲಿ ಮಾತಿನ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಮರುವರ್ಷ ಬಂದ ಹೊಸ ಕಾನೂನು, ಸುಳ್ಳಿನಿಂದ ಲಾಭ ಪಡೆಯಲು ಹೊರಟವನನ್ನು ಮಾತ್ರ ಹಿಡಿಯುತ್ತದೆ. ಲಾಭವೆಂದರೆ ದುಡ್ಡಷ್ಟೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಆ ಶಾಲೆಯ ಮಕ್ಕಳ ಚಪ್ಪಾಳೆಯೂ ಲಾಭವೇ. ಅದು ಇನ್ನಾರಿಗೋ ಸಲ್ಲಬೇಕಿತ್ತು. ದುಡ್ಡಿನ ಮೋಸವೂ ಬೇಕಾದಷ್ಟಿದೆ: ತಾನು ಫೌಜಿ, ವರ್ಗವಾಗಿದೆ, ಬೈಕನ್ನು ಅಗ್ಗಕ್ಕೆ ಕೊಡುತ್ತೇನೆ ಎಂದು ಮೊಬೈಲಿಗೆ ಸೈನಿಕನ ಗುರುತಿನ ಚೀಟಿಯ ಫೋಟೊ ಕಳಿಸಿ ಮುಂಗಡ ನುಂಗುವವರು. ಸಮವಸ್ತ್ರದ ಮೇಲೆ ಜನ ಇಟ್ಟ ವಿಶ್ವಾಸವೇ ಅವರ ಬಂಡವಾಳ.

1988ರಲ್ಲಿ ನಾನು ಶ್ರೀಲಂಕೆಗೆ ಹೋದ ನಮ್ಮ ಶಾಂತಿಪಡೆಯ ಜೊತೆ ಜಾಫ್ನಾದಲ್ಲಿದ್ದೆ. ಸ್ಯಾಪರಿನ ಕೆಲಸ ನೆಲಬಾಂಬು ಹುಡುಕುವುದು. ಮೊಣಕಾಲೂರಿ, ಕಡ್ಡಿಯಿಂದ ಮಣ್ಣನ್ನು ಓರೆಯಾಗಿ ಚುಚ್ಚುತ್ತಾ, ಒಂದೊಂದೇ ಗೇಣು ಮುಂದೆ ಹೋಗುವುದು. ನನ್ನ ಮುಂದಿನವನ ಕಾಲು ಅಲ್ಲಿ ಹೋಯಿತು. ಅವನು ಈಗ ತಮಿಳುನಾಡಿನ ಒಂದು ಹಳ್ಳಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಫೋನಿನಲ್ಲಿ ಮಳೆ ಬೆಳೆ ಮಾತಾಡುತ್ತಾನೆ, ಕಾಲಿನ ಮಾತು ಎತ್ತುವುದಿಲ್ಲ. ವೇದಿಕೆ ಹತ್ತಿ ಅರ್ಧ ಗಂಟೆ ಯುದ್ಧ ವರ್ಣಿಸುವವರನ್ನು ಕಂಡರೆ ನನಗೆ ಅವನ ನೆನಪಾಗುತ್ತದೆ.

ಸಂಗ್ರಾಮ್ ಮೆಡಲನ್ನು ಅದರ ಒಡೆಯನ ಮನೆಗೆ ಮುಟ್ಟಿಸಬೇಕೆಂದು ಅಂಚಿನ ಮೇಲಿದ್ದ ನಂಬರ್ ಬರೆದು ಆ ರೆಜಿಮೆಂಟಿಗೆ ಎರಡು ಪತ್ರ ಹಾಕಿದೆ. ಸಿಪಾಯಿ ತೀರಿಹೋಗಿದ್ದಾನೆ, ಕೊಟ್ಟಿದ್ದ ವಿಳಾಸದಲ್ಲಿ ಮನೆಯವರು ಇಲ್ಲ ಎಂದು ಉತ್ತರ ಬಂತು. ಮೆಡಲು ನನ್ನ ಟ್ರಂಕಿನಲ್ಲಿದೆ. ವರ್ಷಕ್ಕೊಮ್ಮೆ ಒರೆಸಿ ಇಡುತ್ತೇನೆ.

ನಿಮ್ಮ ಮನೆಯಲ್ಲಿ ತಾತನದೋ ಮಾವನದೋ ಹಳೇ ಮೆಡಲು ಇದ್ದರೆ ದಯವಿಟ್ಟು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಬೆಳಕಿಗೆ ಹಿಡಿದು ಅಂಚನ್ನು ಓದಿ, ಆ ಹೆಸರನ್ನು ಮಕ್ಕಳ ಕೈಲಿ ಒಂದು ಪುಸ್ತಕದಲ್ಲಿ ಬರೆಸಿ ಇಡಿ.