ಕರೆಂಟು ಹುಟ್ಟಿದ ತಾಲ್ಲೂಕಲ್ಲಿ ಒಂದು ಟೈಮರು

ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಹೋಗಿದ್ದು ಮಾತ್ರ ದೂರದ ಕೋಲಾರದ ಚಿನ್ನದ ಗಣಿಗೆ! ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗೋದು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾದದ್ದು ಬರೀ ಗದ್ದೆಗಲ್ಲ, ಗಣಿಗೆ ವರ್ಷವಿಡೀ ಕರೆಂಟು ಕೊಡೋಕೂ ಹೌದು.

ಇದು ನೆನಪಾಗಿದ್ದು ನನ್ನ ಟೈಮರಿಂದ. ಬಿ.ಕಾಂ. ಓದಿದವನಿಗೆ ಯಾಕೆ ಬೇಕಿತ್ತೋ, ಹಿತ್ತಲಿನ ನೀರಿನ ವಾಲ್ವಿಗೆ 555 ಐಸಿ ಕಟ್ಟಿ, ಅಡಾಪ್ಟರಿಗೆ ಸಿಕ್ಕಿಸಿದ್ದೆ. ವೋಲ್ಟೇಜು ಕೊಂಚ ಏರಿಳಿದರೆ ಅದರ ಲೆಕ್ಕ ತಪ್ಪಲ್ಲ. ಆದರೆ ಕರೆಂಟು ಹೋಗಿ ಬಂದಾಗೆಲ್ಲ ಎಣಿಕೆ ಮೊದಲಿಂದ. ನೀರು ಹೆಚ್ಚಾಗಿ ಅವ್ವನ ಬದನೆ ಸಸಿ ಕೊಳೆತವು.

ಈಗ ನಾನೂ ಪುಟ್ಟ ಕಟ್ಟೆ ಕಟ್ಟಿದೀನಿ: 12 ವೋಲ್ಟಿನ ಬ್ಯಾಟರಿ. ಚಾರ್ಜಾಗುವಾಗ 14ರ ಹತ್ತಿರ ಹೋಗುತ್ತೆ, ಐಸಿ 16ರವರೆಗೆ ತಡೆಯುತ್ತೆ. ಅವ್ವ ಹೊಸ ಸಸಿ ನೆಟ್ಟಿದಾಳೆ.