ಸಂವಿಧಾನ ಕಂಡ ಮುಸ್ಲಿಮ್, ಕಾಣದ ಮುಸ್ಲಿಮ್

1788ರ ಜುಲೈ ತಿಂಗಳು. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಪ್ರತಿನಿಧಿಗಳು ಹಿಲ್ಸ್‌ಬರೊ ಎಂಬ ಪುಟ್ಟ ಊರಿನಲ್ಲಿ ಸೇರಿದ್ದರು. ಹಿಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ಸಿದ್ಧವಾಗಿದ್ದ ಸಂವಿಧಾನವನ್ನು ಒಪ್ಪಬೇಕೇ ಬೇಡವೇ ಎಂಬುದು ಚರ್ಚೆಯ ವಿಷಯ. ಸರಕಾರಿ ಹುದ್ದೆಗೆ ಬರುವವರಿಗೆ ಯಾವುದೇ ಧಾರ್ಮಿಕ ಪರೀಕ್ಷೆ ಇರಕೂಡದು ಎಂದು ಅದರ ಆರನೆಯ ವಿಧಿ ಹೇಳುತ್ತಿತ್ತು. ಹಾಗಾದರೆ ನಾಳೆ ಮುಸ್ಲಿಮರೂ ಅಧಿಕಾರಕ್ಕೆ ಬರಬಹುದಲ್ಲ ಎಂದು ಕೆಲವರು ಹೆದರಿದ್ದಾರೆಂದು ಹೆನ್ರಿ ಅಬಟ್ ಎಂಬ ಪ್ರತಿನಿಧಿ ಸಭೆಯ ಮುಂದಿಟ್ಟರು. ಮುಂದೆ ಸುಪ್ರೀಮ್ ಕೋರ್ಟಿನ ನ್ಯಾಯಾಧೀಶರಾದ ಜೇಮ್ಸ್ ಐರ್ಡೆಲ್ ಅದಕ್ಕೆ ಉತ್ತರಿಸಿದರು. ಯಾವುದೇ ಒಂದು ಗುಂಪನ್ನು ಹೊರಗಿಟ್ಟರೆ ನಾವು ಹೋರಾಡಿ ಪಡೆದ ಧಾರ್ಮಿಕ ಸ್ವಾತಂತ್ರ್ಯಕ್ಕೇ ಅರ್ಥವಿಲ್ಲ ಎಂಬುದು ಅವರ ವಾದದ ತಿರುಳು.

ಕೇಳಲು ಹಿತವಾದ ಮಾತು. ಆದರೆ ಅವರು ಮಾತನಾಡುತ್ತಿದ್ದದ್ದು ಎಂದೋ ಒಂದು ದಿನ ಬರಬಹುದಾದ ಮುಸ್ಲಿಮನ ಬಗ್ಗೆ. ಅದೇ ಹೊತ್ತಿನಲ್ಲಿ ಅಮೆರಿಕದ ದಕ್ಷಿಣದ ಹೊಲ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಲ್ಲಿ ನಮಾಝ್ ಬಲ್ಲವರಿದ್ದರು, ಕುರ್‌ಆನ್ ಕಂಠಪಾಠ ಮಾಡಿದವರಿದ್ದರು. ಪಶ್ಚಿಮ ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದವರಲ್ಲಿ ಮುಸ್ಲಿಮರೂ ಸೇರಿದ್ದರು. ಆರನೆಯ ವಿಧಿಗೂ ಅವರಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಅಮೆರಿಕನ್ ಗಣರಾಜ್ಯದ ಮೊದಲ ನಾಲ್ಕೈದು ದಶಕಗಳ ಕಥೆಯನ್ನು ಈ ವೈರುಧ್ಯವನ್ನು ಬಿಟ್ಟು ಹೇಳಲಾಗದು. ಸಂವಿಧಾನದಲ್ಲಿ ‘ಗುಲಾಮ’ ಎಂಬ ಪದವನ್ನು ಎಲ್ಲೂ ಬಳಸಿರಲಿಲ್ಲ. ಆದರೂ ರಾಜ್ಯಗಳ ಪ್ರಾತಿನಿಧ್ಯವನ್ನು ಲೆಕ್ಕ ಹಾಕುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಲಾಯಿತು. 1808ರವರೆಗೆ ಗುಲಾಮರ ಆಮದನ್ನು ತಡೆಯುವಂತಿಲ್ಲ ಎಂದೂ, ಓಡಿಹೋದ ಗುಲಾಮನನ್ನು ಒಡೆಯನಿಗೆ ಒಪ್ಪಿಸಬೇಕೆಂದೂ ಬರೆಯಲಾಯಿತು. 1790ರ ಪೌರತ್ವ ಕಾನೂನಂತೂ ‘ಸ್ವತಂತ್ರ ಬಿಳಿಯ ವ್ಯಕ್ತಿ’ಗೆ ಮಾತ್ರ ಪೌರತ್ವ ಎಂದು ನೇರವಾಗಿಯೇ ಹೇಳಿತು. ಧರ್ಮ ಕೇಳುವುದಿಲ್ಲ, ಬಣ್ಣ ಕೇಳುತ್ತೇವೆ ಎಂದಂತಾಯಿತು. ಅದೇ ವರ್ಷ ನಡೆದ ಮೊದಲ ಜನಗಣತಿಯ ಪ್ರಕಾರ ಸುಮಾರು 39 ಲಕ್ಷ ಜನರಲ್ಲಿ 7 ಲಕ್ಷದಷ್ಟು ಮಂದಿ ಗುಲಾಮರು.

ಥಾಮಸ್ ಜೆಫರ್ಸನ್‌ರನ್ನೇ ನೋಡಿ. ಕಾನೂನು ಓದುತ್ತಿದ್ದ ಕಾಲದಲ್ಲಿ, 1765ರಲ್ಲಿ, ಅವರು ಜಾರ್ಜ್ ಸೇಲ್‌ರ ಇಂಗ್ಲಿಷ್ ಕುರ್‌ಆನ್ ಅನುವಾದವನ್ನು ಖರೀದಿಸಿದ್ದರು. ಅವರು ರಚಿಸಿದ ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯ ಕಾನೂನು 1786ರಲ್ಲಿ ಜಾರಿಗೆ ಬಂತು. ಯಹೂದಿ, ಕ್ರೈಸ್ತ, ಮುಸ್ಲಿಮ್, ಹಿಂದೂ ಎಲ್ಲರನ್ನೂ ರಕ್ಷಿಸುವುದೇ ಅದರ ಉದ್ದೇಶವಾಗಿತ್ತೆಂದು ಅವರು ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಅದೇ ಜೆಫರ್ಸನ್ ತಮ್ಮ ಜೀವಿತಾವಧಿಯಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು.

ದೂರದ ಮುಸ್ಲಿಮರ ವಿಷಯದಲ್ಲಿ ಹೊಸ ದೇಶಕ್ಕೆ ಹಿಂಜರಿಕೆ ಇರಲಿಲ್ಲ. ನಮ್ಮ ಮೈಸೂರಿನ ಹೈದರ್ ಅಲಿಯ ಹೆಸರನ್ನು ಪೆನ್ಸಿಲ್ವೇನಿಯಾದವರು ಒಂದು ಯುದ್ಧನೌಕೆಗೆ ಇಟ್ಟಿದ್ದರು. 1782ರಲ್ಲಿ ಆ ಹಡಗು ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು. ಶತ್ರುವಿನ ಶತ್ರು ಎಂಬ ಅಭಿಮಾನ ಅದು. ಮೊರೊಕ್ಕೊದ ಸುಲ್ತಾನ್ ಸೀದಿ ಮುಹಮ್ಮದ್ 1777ರಲ್ಲೇ ಅಮೆರಿಕದ ಹಡಗುಗಳಿಗೆ ತಮ್ಮ ಬಂದರುಗಳನ್ನು ತೆರೆದಿದ್ದರು. 1786ರಲ್ಲಿ ಎರಡು ದೇಶಗಳ ನಡುವೆ ಸ್ನೇಹ ಒಪ್ಪಂದವಾಯಿತು.

ಅಲ್ಜೀರ್ಸ್ ಮತ್ತು ಟ್ರಿಪೋಲಿಯೊಂದಿಗಿನ ಸಂಬಂಧ ಅಷ್ಟು ಸುಗಮವಾಗಿರಲಿಲ್ಲ. ಅಲ್ಜೀರ್ಸಿನವರು ಅಮೆರಿಕದ ಹಡಗುಗಳನ್ನು ಹಿಡಿದು ನಾವಿಕರನ್ನು ಸೆರೆಯಲ್ಲಿಟ್ಟು ದುಡಿಸುತ್ತಿದ್ದರು. ಬಿಳಿಯರನ್ನು ಗುಲಾಮರಾಗಿಸುವ ಈ ಕ್ರೌರ್ಯದ ವಿರುದ್ಧ ಅಮೆರಿಕದಲ್ಲಿ ಆಕ್ರೋಶವೆದ್ದಿತು. ಆಕ್ರೋಶ ನ್ಯಾಯವಾದದ್ದೇ. ಆದರೆ ಮನೆಯಂಗಳದಲ್ಲೇ ನಡೆಯುತ್ತಿದ್ದುದನ್ನು ಅದರೊಂದಿಗೆ ಹೋಲಿಸಿ ನೋಡುವ ಧೈರ್ಯ ಬೆಂಜಮಿನ್ ಫ್ರಾಂಕ್ಲಿನ್‌ರಂಥ ಕೆಲವರಿಗೆ ಮಾತ್ರ ಇತ್ತು. 1790ರಲ್ಲಿ, ಸಾಯುವುದಕ್ಕೆ ಕೆಲವೇ ವಾರಗಳ ಮುಂಚೆ, ಫ್ರಾಂಕ್ಲಿನ್ ಅಲ್ಜೀರ್ಸಿನ ಕಾಲ್ಪನಿಕ ಅಧಿಕಾರಿಯೊಬ್ಬನ ಬಾಯಲ್ಲಿ ಗುಲಾಮಗಿರಿಯ ಸಮರ್ಥನೆಯನ್ನು ಆಡಿಸಿ ದಕ್ಷಿಣದ ರಾಜಕಾರಣಿಗಳನ್ನು ಲೇವಡಿ ಮಾಡಿದರು.

ಟ್ರಿಪೋಲಿಯೊಂದಿಗಿನ ಒಪ್ಪಂದವನ್ನು 1797ರ ಜೂನ್ 7ರಂದು ಸೆನೆಟ್ ಅವಿರೋಧವಾಗಿ ಅಂಗೀಕರಿಸಿತು. ಅಮೆರಿಕದ ಸರಕಾರ ಯಾವ ಅರ್ಥದಲ್ಲೂ ಕ್ರೈಸ್ತ ಧರ್ಮದ ಮೇಲೆ ಸ್ಥಾಪಿತವಾದುದಲ್ಲ, ಮುಸ್ಲಿಮರ ಧರ್ಮದ ಬಗ್ಗೆ ಅದಕ್ಕೆ ಯಾವ ಹಗೆತನವೂ ಇಲ್ಲ ಎಂದು ಅದರ ಹನ್ನೊಂದನೆಯ ಕಲಮು ಸಾರುತ್ತದೆ. ಉಳಿದುಬಂದಿರುವ ಅರಬಿ ಪ್ರತಿಯಲ್ಲಿ ಈ ಮಾತು ಇಲ್ಲ ಎಂಬುದು ನಿಜ. ಆದರೆ ಸೆನೆಟ್ ಅಂಗೀಕರಿಸಿದ್ದು, ಅಧ್ಯಕ್ಷ ಜಾನ್ ಆ್ಯಡಮ್ಸ್ ಸಹಿ ಹಾಕಿದ್ದು ಇಂಗ್ಲಿಷ್ ಪಠ್ಯಕ್ಕೆ.

ಒಳಗಿನ ಕಥೆ ಬೇರೆಯೇ ದಿಕ್ಕಿನಲ್ಲಿ ಸಾಗಿತ್ತು. 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರವನ್ನು ಕಂಡುಹಿಡಿದರು. 1803ರಲ್ಲಿ ಜೆಫರ್ಸನ್ ಒಂದೂವರೆ ಕೋಟಿ ಡಾಲರಿಗೆ ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು ಕೊಂಡು ದೇಶದ ವಿಸ್ತೀರ್ಣವನ್ನು ಇಮ್ಮಡಿಗೊಳಿಸಿದರು. ಹೊಸ ನೆಲ, ಹೊಸ ಯಂತ್ರ. ದುಡಿಯಲು ಕೈಗಳು ಬೇಕಾದವು. 1808ರಲ್ಲಿ ಗುಲಾಮರ ಆಮದು ನಿಷೇಧವಾದರೂ ದೇಶದೊಳಗಿನ ವ್ಯಾಪಾರ ಕುದುರಿತು. 1830ರ ವೇಳೆಗೆ ಗುಲಾಮರ ಸಂಖ್ಯೆ 20 ಲಕ್ಷ ಮುಟ್ಟಿತ್ತು.

ಈ ಸಂಖ್ಯೆಯೊಳಗೆ ಒಂದು ಹೆಸರು ಅಬ್ದುರ್ರಹ್ಮಾನ್ ಇಬ್ರಾಹೀಮರದು. ಅವರು ಇಂದಿನ ಗಿನಿ ದೇಶದಲ್ಲಿರುವ ಫೂತಾ ಜಾಲೋನ್‌ನ ಆಡಳಿತಗಾರರ ಮಗ. ಓದುಬರಹ ಬಲ್ಲ ಸೇನಾನಾಯಕ. 1788ರಲ್ಲಿ, ಅಂದರೆ ಹಿಲ್ಸ್‌ಬರೊ ಚರ್ಚೆಯ ವರ್ಷವೇ, ಶತ್ರುಗಳ ಕೈಗೆ ಸಿಕ್ಕಿ ಮಾರಲ್ಪಟ್ಟು ಮಿಸಿಸಿಪಿ ತೀರದ ನ್ಯಾಚೆಝ್‌ಗೆ ಬಂದರು. ಆಗ ಅದು ಸ್ಪೇನಿನ ವಶದಲ್ಲಿತ್ತು, ಹತ್ತು ವರ್ಷಗಳಲ್ಲಿ ಅಮೆರಿಕದ್ದಾಯಿತು. ಬಾವುಟ ಬದಲಾಯಿತು, ಒಡೆಯ ಥಾಮಸ್ ಫಾಸ್ಟರ್ ಬದಲಾಗಲಿಲ್ಲ. 1807ರಲ್ಲಿ ಅಲ್ಲಿ ಜಾನ್ ಕಾಕ್ಸ್ ಎಂಬ ಐರಿಷ್ ವೈದ್ಯ ಅವರನ್ನು ಕಂಡು ಗುರುತು ಹಿಡಿದರು. ಹಿಂದೊಮ್ಮೆ ಆಫ್ರಿಕಾದಲ್ಲಿ ದಾರಿ ತಪ್ಪಿ ಕಾಯಿಲೆ ಬಿದ್ದಿದ್ದ ಈ ವೈದ್ಯರಿಗೆ ಆಶ್ರಯ ಕೊಟ್ಟಿದ್ದು ಇಬ್ರಾಹೀಮರ ಮನೆತನವೇ. ಋಣ ತೀರಿಸಲು ಕಾಕ್ಸ್ ಬಹಳ ಪ್ರಯತ್ನಿಸಿದರು. ಫಾಸ್ಟರ್ ಮಾರಲು ಒಪ್ಪಲಿಲ್ಲ.

1826ರಲ್ಲಿ ಇಬ್ರಾಹೀಮ್ ಅರಬಿಯಲ್ಲಿ ಒಂದು ಪತ್ರ ಬರೆದರು. ಅದನ್ನು ಮುಂದೆ ಕಳಿಸಿದ ಪತ್ರಿಕಾ ಸಂಪಾದಕ ಅವರನ್ನು ಮೊರೊಕ್ಕೊದವರೆಂದು ತಿಳಿದಿದ್ದ. ಪತ್ರ ಮೊರೊಕ್ಕೊ ತಲುಪಿತು. ಸುಲ್ತಾನರು ಬಿಡುಗಡೆಯ ಬಗ್ಗೆ ಆಸಕ್ತಿ ತೋರಿದರು. ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕ್ಲೇ ಮತ್ತು ಅಧ್ಯಕ್ಷ ಜಾನ್ ಕ್ವಿನ್ಸಿ ಆ್ಯಡಮ್ಸ್ ಮಧ್ಯ ಪ್ರವೇಶಿಸಿದರು. ನಲ್ವತ್ತು ವರ್ಷಗಳ ದುಡಿಮೆಯ ನಂತರ, 1828ರಲ್ಲಿ ಅವರು ಗುಲಾಮಗಿರಿಯಿಂದ ಹೊರಬಂದರು. ಒಬ್ಬ ಮನುಷ್ಯನೆಂದು ಬಿಡಲಿಲ್ಲ. ಸ್ನೇಹಿತ ರಾಜನ ಪ್ರಜೆ ಎಂಬ ತಪ್ಪು ತಿಳುವಳಿಕೆಯಿಂದ ಬಿಟ್ಟರು. ಅಮೆರಿಕದಲ್ಲಿ ಸ್ವತಂತ್ರನಾಗಿ ಉಳಿಯಕೂಡದು ಎಂಬುದು ಫಾಸ್ಟರನ ಷರತ್ತು. ಮಕ್ಕಳ ಬಿಡುಗಡೆಗಾಗಿ ಅವರು ಉತ್ತರದ ನಗರಗಳಲ್ಲಿ ಚಂದಾ ಎತ್ತುತ್ತಾ ತಿರುಗಿದರು. ಕ್ರೈಸ್ತರ ಪ್ರಾರ್ಥನೆಯೊಂದನ್ನು ಅರಬಿಯಲ್ಲಿ ಬರೆದುಕೊಡಿ ಎಂದು ಕೇಳಿದವರಿಗೆ ಅವರು ಬರೆದುಕೊಟ್ಟದ್ದು ಸೂರಃ ಅಲ್ ಫಾತಿಹಾ. ಪಡೆದವರಿಗೆ ಅದು ತಿಳಿಯಲಿಲ್ಲ. 1829ರಲ್ಲಿ ಪತ್ನಿ ಇಸಾಬೆಲಾರೊಂದಿಗೆ ಲೈಬೀರಿಯಾ ತಲುಪಿದರು. ಮಕ್ಕಳ ಮುಖ ಮತ್ತೆ ನೋಡದೆ, ಹುಟ್ಟೂರನ್ನೂ ಕಾಣದೆ ಕೆಲವೇ ತಿಂಗಳಲ್ಲಿ ತೀರಿಕೊಂಡರು.

ನಾರ್ತ್ ಕ್ಯಾರೊಲಿನಾದ ಕಥೆ ಇನ್ನೂ ಬಾಕಿ ಇದೆ. ಹಿಲ್ಸ್‌ಬರೊದಲ್ಲಿ ಸಂವಿಧಾನ ಒಪ್ಪಿಗೆಯಾಗಲಿಲ್ಲ. 1789ರ ನವೆಂಬರಿನಲ್ಲಿ ಫಯಟ್‌ವಿಲ್ ಎಂಬ ಊರಿನಲ್ಲಿ ಸೇರಿದ ಎರಡನೆಯ ಸಭೆ ಅದನ್ನು ಅಂಗೀಕರಿಸಿತು. ಇಪ್ಪತ್ತೊಂದು ವರ್ಷಗಳ ಬಳಿಕ, 1810ರಲ್ಲಿ, ಅದೇ ಫಯಟ್‌ವಿಲ್‌ನ ಜೈಲಿಗೆ ಒಬ್ಬ ಪರಾರಿ ಗುಲಾಮನನ್ನು ತಳ್ಳಲಾಯಿತು. ಆತ ಜೈಲಿನ ಗೋಡೆಯ ಮೇಲೆ ಅರಬಿಯಲ್ಲಿ ಬರೆಯತೊಡಗಿದಾಗ ಊರ ಜನ ನೋಡಲು ಬಂದರು. ಅವರೇ ಉಮರ್ ಇಬ್ನ್ ಸಈದ್. ಸೆನೆಗಲ್ ನದಿಯ ಸೀಮೆಯಲ್ಲಿ ವರ್ಷಗಟ್ಟಲೆ ವಿದ್ಯೆ ಕಲಿತವರು. ಆಮದು ನಿಷೇಧಕ್ಕೆ ಮುನ್ನ, 1807ರಲ್ಲಿ ಚಾರ್ಲ್ಸ್‌ಟನ್ ಬಂದರಿನಲ್ಲಿ ಇಳಿಸಲ್ಪಟ್ಟವರು. ಜೇಮ್ಸ್ ಓವನ್ ಎಂಬ ಪ್ರತಿಷ್ಠಿತ ವ್ಯಕ್ತಿ ಅವರನ್ನು ಕೊಂಡರು. ಮುಂದೆ ಉಮರ್‌ಗೆ ಚರ್ಚಿನಲ್ಲಿ ದೀಕ್ಷಾಸ್ನಾನವೂ ಆಯಿತು. ಅದು ಮನಸ್ಸಿನಿಂದಲೋ ಪರಿಸ್ಥಿತಿಯಿಂದಲೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಒಡೆಯನ ಮನೆಯಲ್ಲಿದ್ದ ಮನುಷ್ಯನ ಹೃದಯವನ್ನು ಅಳೆಯುವ ಕೆಲಸ ನಮ್ಮದಲ್ಲ.

1831ರಲ್ಲಿ ಅವರು ಅರಬಿಯಲ್ಲಿ ತಮ್ಮ ಆತ್ಮಕಥೆ ಬರೆದರು. ಹದಿನೈದು ಪುಟಗಳು. ಅದರ ಆರಂಭದಲ್ಲಿ ಒಡೆಯನ ಹೊಗಳಿಕೆ ಇಲ್ಲ; ನೆನಪಿನಿಂದ ಬರೆದ ಸೂರಃ ಅಲ್ ಮುಲ್ಕ್ ಇದೆ. ಮುಲ್ಕ್ ಎಂದರೆ ಒಡೆತನ, ಪ್ರಭುತ್ವ. ಅದು ಅಲ್ಲಾಹನದು ಎಂದು ಹೇಳುವ ಅಧ್ಯಾಯ. ಓವನ್ ದಯಾಳು ಎಂದು ನಂತರದ ಪುಟಗಳಲ್ಲಿ ಬರೆದದ್ದನ್ನು ಈ ಆರಂಭದ ಬೆಳಕಿನಲ್ಲೇ ಓದಬೇಕಾಗುತ್ತದೆ. 1865ರಲ್ಲಿ ಗುಲಾಮಗಿರಿ ರದ್ದಾಗುವ ಮುನ್ನವೇ, ತೊಂಬತ್ತರ ಆಸುಪಾಸಿನಲ್ಲಿ, ಗುಲಾಮರಾಗಿಯೇ ಅವರು ನಿಧನರಾದರು.

ಆ ಹಸ್ತಪ್ರತಿಯನ್ನು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ಕೊಂಡುಕೊಂಡಿತು. ಜೆಫರ್ಸನ್ 1815ರಲ್ಲಿ ತಮ್ಮ ಗ್ರಂಥಭಂಡಾರವನ್ನು ಮಾರಿದ್ದೂ ಇದೇ ಲೈಬ್ರರಿಗೆ. ಅವರ ಕುರ್‌ಆನ್ ಪ್ರತಿ ಈಗಲೂ ಅಲ್ಲೇ ಇದೆ. ಮೊದಲ ಮುಸ್ಲಿಮ್ ಸಂಸದ ಕೀತ್ ಎಲಿಸನ್ 2007ರಲ್ಲಿ ಪ್ರಮಾಣ ಸ್ವೀಕಾರಕ್ಕೆ ಆ ಪ್ರತಿಯನ್ನೇ ತರಿಸಿಕೊಂಡಿದ್ದರು. ಉಮರ್ ಬರೆದ ಪುಟಗಳು ಆಗಿನ್ನೂ ಆ ಲೈಬ್ರರಿಗೆ ಬಂದಿರಲಿಲ್ಲ.